ಕಿವಿರಾಯನಿಗೆ ಕೇಳದ ಕೀಂ

ಗಾಳಿ ಬರುತ್ತಿದೆ, ಮಣಿಕಟ್ಟಿನ ಕೂದಲು ಅಲುಗುತ್ತಿವೆ, ಅಂದರೆ ಫ್ಯಾನು ತಿರುಗುತ್ತಿದೆ, ಫ್ಯಾನು ತಿರುಗುತ್ತಿದೆ ಅಂದರೆ ಬೋರ್ಡಿಗೆ ಜೀವವಿದೆ, ಮೇಜಿನ ಮೇಲೆ ಬೋರಲು ಮಲಗಿ, ಬೆನ್ನಿನ ಮುಚ್ಚಳ ಬಿಚ್ಚಿಸಿಕೊಂಡು, ಪರದೆಯನ್ನು ಮೇಜಿನಂಚಿನಿಂದ ಅವನ ಮೊಣಕಾಲ ಕಡೆಗೆ ಇಳಿಬಿಟ್ಟುಕೊಂಡು ಲ್ಯಾಪ್‌ಟಾಪು ಸುಖವಾಗಿ ಉಸಿರಾಡುತ್ತಿದೆ, ಎಲ್ಲ ಸರಿಯೇ — ಆದರೆ ಆ ಹುಡುಗಿ ಹೇಳಿದ ಕೀಂ ಎಲ್ಲಿ? ಕೀಂ ಅನ್ನುತ್ತೆ ಅಂಕಲ್, ಸೊಳ್ಳೆ ಹಲ್ಲು ಕಡೀತಿರೋ ಹಾಗೆ, ಅಂದಿದ್ದಳು ಬೆಳಿಗ್ಗೆ, ಅಂಗಡಿ ಬಾಗಿಲು ಪೂರ್ತಿ ಎತ್ತುವ ಮೊದಲೇ ಬಗ್ಗಿ ಒಳಗೆ ನುಗ್ಗಿದವಳು, ಕಣ್ಣು ಕಾಣದವರಿಗಾಗಿ ಪುಸ್ತಕ ಓದಿ ದನಿ ಮುದ್ರಿಸಿ ಕಳಿಸುವುದು ಅವಳ ಕೆಲಸವಂತೆ, ದೊಡ್ಡದೊಂದು ಕಥೆಯ ಕೊನೆಯ ಭಾಗ ಬಾಕಿಯಂತೆ, ಓದಿ ಕಳಿಸಿದ್ದೆಲ್ಲ ವಾಪಸ್ ಬರುತ್ತಿದೆಯಂತೆ, ಅವರಿಗೆ ಕಿವಿಯೇ ಎಲ್ಲ ಅಲ್ವಾ ಅಂಕಲ್, ಕಥೇಲಿ ರಾಜಕುಮಾರಿ ಸಾಯ್ತಿರ್ತಾಳೆ, ಹಿಂದೆ ಕೀಂ, ಯಾರು ಅಳ್ತಾರೆ ಹೇಳಿ, ಸಂಜೆಗೆ ಬೇಕೇ ಬೇಕು, ಆಗುತ್ತಾ? ಆಗುತ್ತಾ ಅಂತ ಕೇಳಿದಳು, ಯಾರನ್ನು, ಅವನನ್ನು! ಅವನು ನಕ್ಕುಬಿಟ್ಟಿದ್ದ, ಮಗೂ, ಆ ಸೊಳ್ಳೆ ಯಾವ ಹಲ್ಲು ಕಡೀತಿದೆ ಅಂತಲೂ ಹೇಳ್ತೀನಿ, ಕೋರೆನೋ ದವಡೆನೋ, ನೀನು ಹೋಗಿ ಸಂಜೆ ಬಾ. ಹೋದಳು. ಈಗ ಅವನು ಬಗ್ಗಿದ್ದಾನೆ, ಎಡಗಿವಿ ಬೋರ್ಡಿನಿಂದ ಒಂದು ಅಕ್ಕಿಕಾಳಿನಷ್ಟು ದೂರ, ಬಿಸಿ ತಾಗುತ್ತಿದೆ, ತಾಮ್ರದ ವಾಸನೆ, ಧೂಳು ಸುಟ್ಟ ವಾಸನೆ, ಫ್ಯಾನಿನ ಹೂಂ ಅನ್ನುವ ದಪ್ಪ ಸದ್ದು ಇದೆ, ಗೋಡೆಯಾಚೆ ಟೈಲರನ ಹೊಲಿಗೆ ಯಂತ್ರದ ದಡದಡ ಇದೆ, ಬೀದಿಯಲ್ಲಿ ಯಾರೋ ಯಾರಿಗೋ ಬೈಯುತ್ತಿರುವುದು ಅಕ್ಷರ ಅಕ್ಷರ ಕೇಳಿಸುತ್ತಿದೆ — ಕೀಂ ಇಲ್ಲ. ಬಲಗಿವಿ. ಇಲ್ಲ. ಸ್ಕ್ರೂಡ್ರೈವರಿನ ಹಿಡಿಯನ್ನು ಕಿವಿಯ ಹಿಂದಿನ ಮೂಳೆಗೆ ಒತ್ತಿ, ತುದಿಯನ್ನು ಬೋರ್ಡಿನ ಅಂಚಿಗೆ ಆನಿಸಿ, ಕಣ್ಣು ಮುಚ್ಚಿ, ಉಸಿರು ಹಿಡಿದು — ತನ್ನ ಎದೆಬಡಿತ ಕೇಳಿಸಿತು, ಅದೂ ಡಬ್ಬಾ ಬಡಿದ ಹಾಗೆ. ಹುಡುಗಿ ಸುಳ್ಳು ಹೇಳಿರಬೇಕು. ಇಲ್ಲ, ಯಂತ್ರ ಹೆದರಿಕೊಂಡಿರಬೇಕು, ಹೌದು, ಅದೇ, ಹಲ್ಲುನೋವಿನವನು ಡಾಕ್ಟರ ಬಾಗಿಲಿಗೆ ಬಂದ ಕೂಡಲೇ ನೋವೇ ಇಲ್ಲ ಅನ್ನುವುದಿಲ್ಲವೇ, ಹಾಗೆ, ಕಿವಿರಾಯನ ಮೇಜಿಗೆ ಬಂದ ಯಂತ್ರ ಬಾಯಿ ಮುಚ್ಚಿಕೊಂಡಿದೆ, ಅಷ್ಟೇ.

ಕಿವಿರಾಯ ಅಂತ ಬೀದಿಗೆ ಬೀದಿಯೇ ಕರೆಯುವುದು ಸುಮ್ಮನೆಯೇ, ಹೆತ್ತವರಿಟ್ಟ ಹೆಸರು ಕರೆಂಟಿನ ಬಿಲ್ಲಿನಲ್ಲಿ ಬಿಟ್ಟರೆ ಇನ್ನೆಲ್ಲೂ ಉಳಿದಿಲ್ಲ, ಅದೆಂಥ ಕಿವಿ ಅಂತೀರಿ, ಇರುವೆ ಕೆಮ್ಮಿದರೆ ಒಣಕೆಮ್ಮೋ ಕಫದ ಕೆಮ್ಮೋ ಅಂತ ಹೇಳುತ್ತಿದ್ದ ಕಿವಿ, ಗಿರಾಕಿ ಇನ್ನೂ ಬೀದಿಯ ಆ ತುದಿಯಲ್ಲಿ ಬ್ಯಾಗು ನೇತುಹಾಕಿಕೊಂಡು ಬರುತ್ತಿರುವಾಗಲೇ, ಫ್ಯಾನಿನಲ್ಲಿ ಕೂದಲು ಸಿಕ್ಕಿದೆ, ಬೆಕ್ಕಿನದು, ಬಿಳೀ ಬೆಕ್ಕು, ಅಂತ ಹೇಳುತ್ತಿದ್ದ ಕಿವಿ, ಸತ್ತ ಹಾರ್ಡ್‌ಡಿಸ್ಕುಗಳು ಕೂಡ ಆ ಕಿವಿಯ ಹತ್ತಿರ ಬಂದರೆ ಎದ್ದು ಕೂತು ಕೊನೆಯ ಮಾತು ಹೇಳಿ ಮತ್ತೆ ಸಾಯುತ್ತಿದ್ದವು, ಸುಳ್ಳಾದರೆ ಟೈಲರನನ್ನು ಕೇಳಿ, ಟೈಲರ್ ಸುಳ್ಳು ಅಂದರೆ ಟೈಲರನನ್ನು ನಂಬಬೇಡಿ. ಮತ್ತೆ ಇವಳು, ಹೆಂಡತಿ? ಇವಳು ಬಂದದ್ದೂ ಆ ಕಿವಿಯಿಂದಲೇ ಅಲ್ಲವೇ, ಟೈಪಿಂಗ್ ಸೆಂಟರಿನ ಮೂಲೆಯ ಯಂತ್ರ, ಅದರ ಮುಂದೆ ಬೆನ್ನು ನೆಟ್ಟಗೆ ಮಾಡಿಕೊಂಡು ಕೂತವಳು, ಬೆರಳು ಮಳೆ ಸುರಿದ ಹಾಗೆ, ಅವನು ಹೋದದ್ದು ಬರೀ ಒಂದು ಕೀಬೋರ್ಡು ಬದಲಿಸಲಿಕ್ಕೆ, ಆದರೆ ಡಬ್ಬದೊಳಗಿಂದ ಕಟಕ್, ಕಟಕ್, ನಡುವೆ ಒಂದು ನಿಟ್ಟುಸಿರು — ಮೇಡಂ, ಈ ಡಿಸ್ಕ್ ಇವತ್ತಿನ ಸಂಜೆ ಕಾಣಲ್ಲ, ಇರೋದನ್ನೆಲ್ಲ ಈಗಲೇ ಬೇರೆ ಕಡೆ ತೆಗೆದಿಟ್ಕೊಳ್ಳಿ, ಅವಳು ತಲೆಯೆತ್ತಿ, ಏನ್ರೀ ನೀವು ಮೆಕ್ಯಾನಿಕ್ಕೋ ಜ್ಯೋತಿಷಿಯೋ, ಅಂದರೂ ತೆಗೆದಿಟ್ಟುಕೊಂಡಳು, ಸಂಜೆ ದೀಪ ಹಾಕುವ ಮುಂಚೆ ಡಿಸ್ಕ್ ಕಣ್ಣು ಮುಚ್ಚಿತು. ಮಾರನೇ ದಿನ ಅಂಗಡಿಗೆ ಬಂದಳು, ಎಲ್ಲಿ, ಆ ಕಿವಿ ಸ್ವಲ್ಪ ಈ ಕಡೆ ತಿರುಗಿಸಿ, ನೋಡಬೇಕು. ನೋಡಿದಳು. ಇಷ್ಟೇನಾ, ಅಂದಳು. ಆದರೆ ಮತ್ತೆ ಬಂದಳು, ಮತ್ತೆ ಬಂದಳು, ಕೊನೆಗೆ ಹೋಗಲೇ ಇಲ್ಲ. ಈಗಲೂ ನಾಲ್ಕು ಜನ ಸೇರಿದ ಕಡೆ ಅದನ್ನೇ ಹೇಳಿ ನಗಿಸುತ್ತಾಳೆ, ಇವರ ಮುಖ ನೋಡಿ ಯಾರಾದ್ರೂ ಒಪ್ತಾರೇನ್ರೀ, ನಾನು ಕಿವೀನ ಮದುವೆ ಆದೋಳು, ಮಿಕ್ಕಿದ್ದೆಲ್ಲ ಜೊತೇಲಿ ಬಂತು, ಎಲ್ಲರೂ ನಗುತ್ತಾರೆ, ಅವನೂ ನಗುತ್ತಾನೆ, ಈಚೆಗೆ ಸ್ವಲ್ಪ ತಡವಾಗಿ ನಗುತ್ತಾನೆ, ಯಾಕೆಂದರೆ ಕಿವಿ ಹೋದರೆ ಉಳಿಯುವುದೇನು ಅಂತ ಲೆಕ್ಕ ಹಾಕುತ್ತಿರುತ್ತಾನೆ — ಮುಖ. ಹೊಟ್ಟೆ. ಮಿಕ್ಕಿದ್ದೆಲ್ಲ.

ಛೆ, ಯಾರ ಕಿವಿ ಹೋಯಿತು ಈಗ, ಕಿವಿ ಇದ್ದಲ್ಲೇ ಇದೆ, ಮುಟ್ಟಿ ನೋಡಿಕೊಂಡ, ಇದೆ, ಜೋಡಿ ಇದೆ. ಕೆಟ್ಟಿರುವುದು ಲೋಕ. ಹಿತ್ತಿಲ ಗೋಡೆಯ ಮೇಲಿನ ಗುಬ್ಬಿಗಳು ಒಂದು ದಿನ ಬಾಯಿ ತೆರೆಯುವುದು ಮುಚ್ಚುವುದು ಮಾಡುತ್ತಿದ್ದವು, ಸದ್ದಿಲ್ಲ, ಈಗಿನ ಗುಬ್ಬಿಗಳಿಗೆ ದಮ್ಮಿಲ್ಲ ಕಣೇ ಅಂತ ಅವಳಿಗೆ ಹೇಳಿದ್ದ, ಅವಳು ಗುಬ್ಬಿಗಳನ್ನು ನೋಡಿದಳು, ಅವನನ್ನು ನೋಡಿದಳು, ಹೂಂ, ಕಾಳು ಸರಿಯಿಲ್ಲ ಈಗ, ಅಂದಳು. ಕರೆಂಟು ಅಳೆಯುವ ಮೀಟರಿನ ಬೀಪು ಹತ್ತಿ ಸುತ್ತಿಕೊಂಡ ಹಾಗೆ ಕೇಳತೊಡಗಿತು, ಅದರ ಬ್ಯಾಟರಿ ಬದಲಿಸಿದ, ಮತ್ತೆ ಬದಲಿಸಿದ, ಕೊನೆಗೆ ಮೀಟರನ್ನೇ ಬದಲಿಸಿದ, ಹೊಸದೂ ಪಿಸುಗುಟ್ಟಿತು, ಕಂಪನಿಗಳೆಲ್ಲ ಹಾಳಾಗಿ ಹೋದವು ಅಂತ ಟೈಲರನ ಹತ್ತಿರ ಲೋಕದ ಕಂಪನಿಗಳಿಗೆಲ್ಲ ಒಟ್ಟಿಗೆ ಬೈದ. ಮತ್ತೆ ಈ ವಾರ — ಈ ವಾರವಂತೂ ಅದ್ಭುತ, ಇವಳು ತಂಗಿಯ ಮನೆಗೆ ಹೋಗಿದ್ದಾಳೆ, ನಾದಿನಿ ಮನೆ ಬದಲಿಸುತ್ತಿದ್ದಾಳೆ, ಅಕ್ಕ ಇಲ್ಲದೆ ಅವಳಿಗೆ ಒಂದು ಚಮಚ ಕಟ್ಟಲಿಕ್ಕೆ ಬರುವುದಿಲ್ಲ, ಇವಳು ಹೋದ ದಿನದಿಂದ ಅಂಗಡಿಗೆ ಬಂದ ಒಂದು ಯಂತ್ರವೂ ಕೀಂ ಅಂದಿಲ್ಲ, ಒಂದೂ ಇಲ್ಲ, ನೋಡಿದ್ಯಾ, ಅಂತ ಟೈಲರನ ಮುಂದೆ ಕೊಚ್ಚಿಕೊಂಡಿದ್ದ, ಇವಳಿಲ್ಲದಿದ್ರೆ ಯಂತ್ರಗಳೂ ನೆಮ್ಮದಿಯಾಗಿರ್ತವೆ, ಅವಳ ಬಾಯಿಗೆ ಪೈಪೋಟಿ ಮಾಡೋಕೆ ಅವು ಕೀಂ ಅಂತಿದ್ದಿದ್ದು. ಟೈಲರ್ ನಕ್ಕಿದ್ದ. ನಿನ್ನೆ ಟೈಲರ್ ನಗಲಿಲ್ಲ, ಬಟ್ಟೆಯ ನಮೂನೆ ತೋರಿಸುವ ತನ್ನ ಲ್ಯಾಪ್‌ಟಾಪನ್ನು ಕಂಕುಳಲ್ಲಿ ತಂದು ಮೇಜಿನ ಮೇಲೆ ಇಟ್ಟು, ಏನು ರಾಯರೇ, ರಿಪೇರಿ ಮಾಡಿದ್ರೋ ಮುಖ ತೊಳೆಸಿ ಕಳಿಸಿದ್ರೋ, ಮೊದಲಿನ ಹಾಗೇ ಕೀಂ ಅಂತಿದೆ, ನನ್ನ ಗಿರಾಕಿ ಬಟ್ಟೆ ಬಿಟ್ಟು ಕಿವಿ ಮುಚ್ಕೊಂಡು ಹೋದ್ಳು. ಅವನು ಏನು ಹೇಳಿದ? ಅದು ಅಂಟಿನ ತಪ್ಪು, ಆರಲು ಬಿಡಬೇಕಿತ್ತು, ಅಂದ. ಕೂಗುವ ಭಾಗ ನಡುಗದ ಹಾಗೆ ಹಚ್ಚುವ ಅಂಟು ಅದು, ಹಚ್ಚಿರಲೇ ಇಲ್ಲ. ಯಾಕೆ ಹಚ್ಚಲಿ, ಸದ್ದೇ ಇರಲಿಲ್ಲವಲ್ಲ.

ಫ್ಯಾನಿನ ಗಾಳಿ ಇನ್ನೂ ಮಣಿಕಟ್ಟಿನ ಮೇಲೆ. ಜೇಬಿನಲ್ಲಿ ಫೋನಿದೆ. ಫೋನಿನಲ್ಲಿ ಸದ್ದನ್ನು ಗೆರೆಯಾಗಿ ತೋರಿಸುವ ಒಂದು ಆಟಿಕೆ ಇದೆ, ದಪ್ಪ ಸದ್ದು ಎಡಕ್ಕೆ, ಸಣ್ಣ ಸದ್ದು ಬಲಕ್ಕೆ, ಎಷ್ಟು ಜೋರೋ ಅಷ್ಟು ಎತ್ತರಕ್ಕೆ ಗೆರೆ ಏಳುತ್ತದೆ, ಯಾರೋ ಹಾಕಿಕೊಟ್ಟಿದ್ದರು, ಅವನು ಉಗಿದಿದ್ದ, ಹುಲಿಗೆ ಇಲಿಬೋನು ಕೊಡ್ತೀಯಾ ಅಂತ, ತೆಗೆದಿರಲಿಲ್ಲ ಮಾತ್ರ. ಈಗ ಬಾಗಿಲ ಕಡೆ ನೋಡಿದ, ಯಾರೂ ಇಲ್ಲ, ಕಳ್ಳನ ಹಾಗೆ ಫೋನು ತೆಗೆದು ಬೋರ್ಡಿನ ಹತ್ತಿರ ಹಿಡಿದ, ಎಡಗಡೆ ಫ್ಯಾನಿನ ಹೂಂ ಪೊದೆಯ ಹಾಗೆ ಎದ್ದಿತು, ನಡುವೆ ಬಯಲು, ಬಟ್ಟ ಬಯಲು, ಮತ್ತೆ ಬಲಗಡೆ ತುದಿಯಲ್ಲಿ, ಬಯಲಿನಲ್ಲಿ ನೆಟ್ಟ ಕಂಬದಂತೆ, ಒಂದೇ ಒಂದು ಗೆರೆ. ನೆಟ್ಟಗೆ. ಅಲ್ಲಾಡದೆ. ಕೀಂ. ಇದೆ, ಇಲ್ಲೇ ಇದೆ, ಮೂಗಿನ ಕೆಳಗೆ ಕೂಗುತ್ತಿದೆ, ಇಡೀ ವಾರ ಕೂಗಿದೆ, ಟೈಲರನದೂ ಕೂಗಿದೆ, ಎಲ್ಲವೂ ಕೂಗಿವೆ. ಹಾಗಾದರೆ ಇವಳಿದ್ದಾಗ? ಇವಳಿದ್ದಾಗ ಹೇಗೆ ಅವನು ಒಂದನ್ನೂ ತಪ್ಪಿಸಿಕೊಳ್ಳುತ್ತಿರಲಿಲ್ಲ? — ಫೋನನ್ನು ಮೇಜಿನ ಮೇಲಿಟ್ಟ, ಕಂಬ ನಿಂತೇ ಇದೆ, ಮತ್ತೆ ಅವನಿಗೆ ಎದುರಿನ ಖಾಲಿ ಸ್ಟೂಲು ಕಂಡಿತು, ಸ್ಟೂಲಿನ ಮೇಲೆ ಅವಳು, ಅವಳ ಬಲಗೈ, ಬಲಗೈಯ ಕಿರುಬೆರಳು ಕಿವಿಯಲ್ಲಿ. ಅಬ್ಬಬ್ಬಾ, ಅದೇನ್ರೀ ಆ ಯಂತ್ರ, ನನ್ನ ಮಿದುಳಿಗೆ ಬೈರಿಗೆ ಕೊರೀತಿದೆ, ಮೊದಲು ಅದರ ಬಾಯಿ ಮುಚ್ಚಿಸಿ. ಆ ಕಿರುಬೆರಳಿನ ತುದಿಯಲ್ಲಿ ಒಂದು ಬಿಳೀ ಚುಕ್ಕೆ, ಸೋಲ್ಡರಿನ ಹನಿ ಬಿದ್ದ ಗುರುತು, ಹೊಸತರಲ್ಲಿ ಅವನಿಗೆ ಸಹಾಯ ಮಾಡುತ್ತೇನೆ ಅಂತ ಕೂತು ಸುಟ್ಟುಕೊಂಡದ್ದು, ಆ ಚುಕ್ಕೆ ಕಿವಿಯೊಳಗೆ ಮರೆಯಾದರೆ ಯಂತ್ರ ಕೂಗುತ್ತಿದೆ ಅಂತ ಅರ್ಥ, ಚುಕ್ಕೆ ಹೊರಗೆ ಬಂದರೆ ನಿಂತಿತು ಅಂತ ಅರ್ಥ, ಅವನು ಹಲ್ಲುಕಡ್ಡಿ ಹಿಡಿದು ಬೋರ್ಡಿನ ಮೇಲೆ ಸಾಲಾಗಿ ಕೂತ ಪುಟ್ಟ ಚೌಕದ ಕಾಯಿಲುಗಳನ್ನು, ಒಳಗೆ ತಂತಿ ಸುತ್ತಿದ ಬಿಲ್ಲೆಗಳನ್ನು, ಒಂದೊಂದಾಗಿ ಒತ್ತುತ್ತಿದ್ದ, ಯಾವ ಕಾಯಿಲು ಒಳಗೆ ಸಡಿಲವಾಗಿ ನಡುಗುತ್ತಿದೆಯೋ ಅದನ್ನು ಒತ್ತಿದಾಗ ಸದ್ದು ನಿಲ್ಲಬೇಕು, ಇದು ಲೋಕದ ಎಲ್ಲ ರಿಪೇರಿಯವರಿಗೂ ಗೊತ್ತು, ಆದರೆ ಅವನು ಯಾವಾಗಿನಿಂದಲೋ ಬೋರ್ಡಿಗೆ ಕಿವಿ ಕೊಡುವುದನ್ನು ಬಿಟ್ಟು ಅವಳ ಬೆರಳಿಗೆ ಕಣ್ಣು ಕೊಡುತ್ತಿದ್ದ. ಒತ್ತುತ್ತಾನೆ, ನೋಡುತ್ತಾನೆ, ಬೆರಳು ಕಿವಿಯಲ್ಲೇ ಇದೆ. ಪಕ್ಕದ್ದನ್ನು ಒತ್ತುತ್ತಾನೆ, ಬೆರಳು ಹೊರಗೆ. ಹಾಂ, ಈಗ ಜೀವ ಬಂತು ನೋಡಿ, ಅನ್ನುತ್ತಾಳೆ. ಅವನು ಗಂಭೀರವಾಗಿ, ನಂಗೆ ಆಗಲೇ ಕೇಳಿತ್ತು ಬಿಡೇ, ನಿಂಗೆ ಈಗ ಗೊತ್ತಾಯ್ತಾ, ಅನ್ನುತ್ತಾನೆ. ಜಗಳ ಅಂದುಕೊಂಡಿದ್ದ. ಇವಳಿಗೆ ಗೊಣಗುವ ಚಟ ಅಂದುಕೊಂಡಿದ್ದ. ಟೈಲರನ ಹತ್ತಿರ ಹೇಳಿಕೊಂಡು ನಕ್ಕಿದ್ದ, ನನ್ನ ಹೆಂಡತಿ ಕಿವಿ ಗಾಜಿನದು ಕಣಯ್ಯ, ಒಂದು ಸದ್ದು ತಡೆಯಲ್ಲ. ಅವಳಿಗೆ ಗೊತ್ತು. ಅಯ್ಯೋ, ಗೊತ್ತು ಅವಳಿಗೆ.

ಗುಬ್ಬಿಗಳ ದಿನವೇ ಗೊತ್ತಾಗಿರಬೇಕು, ಕಾಳು ಸರಿಯಿಲ್ಲ ಅಂದಳಲ್ಲ, ಆ ಮುಖ, ಆ ಮುಖ ಎಷ್ಟು ಸಲೀಸಾಗಿತ್ತು, ಹಾಲು ಉಕ್ಕುವ ಮುಂಚೆ ಒಲೆ ಸಣ್ಣಗೆ ಮಾಡುವವಳ ಮುಖ. ಕಿವಿಯನ್ನು ಮದುವೆಯಾದವಳು, ಕಿವಿ ಹೋಗಿದೆ ಅಂತ ಗೊತ್ತಾದ ಮೇಲೂ ಅದೇ ಮೇಜಿನ ಎದುರು ಅದೇ ಸ್ಟೂಲಿನ ಮೇಲೆ ಕೂತು ತನ್ನ ಕಿವಿಯಿಂದ ಅವನ ಕಿವಿಗೆ ತೇಪೆ ಹಾಕುತ್ತಿದ್ದಾಳೆ, ಅದೂ ಅವನ ಮಾನಕ್ಕೆ ಒಂದು ಗೀರು ಬೀಳದ ಹಾಗೆ, ಬೈಗುಳದಲ್ಲಿ ಸುತ್ತಿ, ಕಹಿಮಾತ್ರೆಯನ್ನು ಬೆಲ್ಲದಲ್ಲಿ ಕೊಡುವವರನ್ನು ಕಂಡಿದ್ದೇವೆ, ಇವಳು ಬೆಲ್ಲವನ್ನು ಬೇವಿನಲ್ಲಿ ಸುತ್ತಿ ಕೊಟ್ಟಳು, ಅವನು ಬೇವು ಅಂತ ಮುಖ ಕಿವುಚಿದ. ಮಧ್ಯಾಹ್ನದ ಬಸ್ಸಿಗೆ ಬರುತ್ತಾಳೆ. ಬಂದ ಕೂಡಲೇ ಬ್ಯಾಗು ಇಳಿಸಿ ಒಳಗೆ ಬರುತ್ತಾಳೆ, ಈ ಯಂತ್ರ ಕೀಂ ಅನ್ನುತ್ತಿರುತ್ತದೆ, ಅವನು ಅದರ ಮುಂದೆ ಕಲ್ಲಿನ ಹಾಗೆ ಕೂತಿರುತ್ತಾನೆ, ಅವಳ ಬೆರಳು ಕಿವಿಗೆ ಹೋಗುತ್ತದೆ — ಬೇಡ, ಇವತ್ತು ಬೇಡ, ಅಷ್ಟು ದೂರದಿಂದ ಸಾಮಾನು ಹೊತ್ತು ಸುಸ್ತಾಗಿ ಬರುವವಳು, ಬಂದ ಗಳಿಗೆಯಲ್ಲೇ ಅವನ ಕಿವಿಯಾಗಬೇಕೇ, ಇವತ್ತೊಂದು ದಿನ ಅವಳು ಬರುವಷ್ಟರಲ್ಲಿ ಮುಗಿಸಿಟ್ಟು, ಆಯ್ತು ಕಣೇ, ಯಾವಾಗಲೋ ಆಯ್ತು, ಅನ್ನಬೇಕು. ಹಲ್ಲುಕಡ್ಡಿ ಎಲ್ಲಿ. ಇಲ್ಲಿ. ಸ್ಕ್ರೂಗಳು ಅಯಸ್ಕಾಂತದ ಹಾಳೆಯ ಮೇಲೆ ತಂತಮ್ಮ ಜಾಗದಲ್ಲಿ ಕೂತಿವೆ, ಲ್ಯಾಪ್‌ಟಾಪಿನ ಮೂಲೆಯ ಸ್ಕ್ರೂ ಹಾಳೆಯ ಮೂಲೆಯಲ್ಲಿ, ನಡುವಿನದು ನಡುವೆ, ಇದೂ ಅವಳೇ ಕಲಿಸಿದ್ದು, ನೀವು ಬಿಚ್ಚೋದರಲ್ಲಿ ರಾಜ, ಮುಚ್ಚೋದರಲ್ಲಿ ಭಿಕಾರಿ, ಅಂತ ಬೈದು ಕಲಿಸಿದ್ದು, ಇನ್ನೂ ಏನೇನು ಬೈಗುಳ ನಿಜವಾಗಿ ಏನೇನಾಗಿತ್ತೋ, ಎಲ್ಲವನ್ನೂ ಬಿಚ್ಚಿ ನೋಡಬೇಕು ಒಂದು ದಿನ. ಕಣ್ಣು ಫೋನಿನ ಮೇಲೆ, ಕಡ್ಡಿ ಮೊದಲ ಕಾಯಿಲಿನ ಮೇಲೆ, ಒತ್ತು. ಕಂಬ ನಿಂತೇ ಇದೆ. ಎರಡನೆಯದು, ಕಂಬ ಇನ್ನೂ ಸ್ವಲ್ಪ ಬೆಳೆಯಿತು, ಕೊಬ್ಬು. ಅದರಾಚೆಯದು — ಬಿತ್ತು! ಕಡಿದ ಮರದ ಹಾಗೆ ಬಿತ್ತು, ಬಲಗಡೆ ಬರೀ ಬಯಲು, ಕಡ್ಡಿ ಎತ್ತಿದರೆ ಮತ್ತೆ ಕಂಬ, ಒತ್ತಿದರೆ ಬಯಲು, ಅವನಿಗೆ ಕುಣಿಯಬೇಕೆನಿಸಿತು, ಕೇಳದ ಕಿವಿಯಲ್ಲಿ ಹಿಡಿದಿದ್ದಾನೆ, ಹಾಳಾದ ಇಲಿಬೋನಿನಲ್ಲಿ ಹುಲಿಯೇ ಇಲಿ ಹಿಡಿದಿದೆ. ಅಂಟಿನ ಟ್ಯೂಬು ಹಿಂಡಿ, ಕಡ್ಡಿಯ ತುದಿಯಲ್ಲಿ ಒಂದು ಹನಿ, ಕಾಯಿಲಿನ ಬುಡಕ್ಕೆ, ಸುತ್ತಲೂ, ಮಗುವಿನ ಗಲ್ಲಕ್ಕೆ ಔಷಧಿ ಹಚ್ಚುವಷ್ಟು ಮೆಲ್ಲಗೆ, ಮತ್ತೆ ಪಕ್ಕದ್ದಕ್ಕೂ, ಅದರ ಪಕ್ಕದ್ದಕ್ಕೂ, ಅದು ಅವನ ಹಳೆಯ ಪದ್ಧತಿ, ಸಾಲಿನಲ್ಲಿ ಒಬ್ಬನಿಗೆ ಬಡಿಸಿ ಪಕ್ಕದವನ ಎಲೆ ಬಿಡಬಾರದು, ಒಂದು ಕಾಯಿಲು ಕೂಗಿದರೆ ಸಾಲಿಗೆ ಸಾಲೇ ಬಾಯಿ ಮುಚ್ಚಿಸಿಬಿಡಬೇಕು. ಅಂಟು ಆರುವ ತನಕ ಕರೆಂಟು ಕೂಡದು, ಚಾರ್ಜರು ಕಿತ್ತ, ಬ್ಯಾಟರಿ ಬಿಚ್ಚಿ ಮೇಜಿನ ಡ್ರಾಯರಿನಲ್ಲಿಟ್ಟ, ಮಣಿಕಟ್ಟಿನ ಮೇಲೆ ಗಾಳಿ ನಿಂತಿತು. ಫೋನು ಜೇಬಿಗೆ.

ಹೊರಗೆ ಬಾಗಿಲ ಹತ್ತಿರ ಬ್ಯಾಗು ಇಳಿಸಿದ ಸದ್ದು, ದಪ್ಪ ಸದ್ದು, ಇದು ಕೇಳುತ್ತದೆ, ಆಮೇಲೆ ಚಪ್ಪಲಿ, ಎಡಗಾಲಿನದು ಸ್ವಲ್ಪ ಎಳೆಯುತ್ತದೆ, ಬಂದಳು. ಮುಂದಿನ ಕೋಣೆಗೂ ಒಳಗಿನ ಮೇಜಿಗೂ ನಡುವೆ ಪ್ಲೈವುಡ್ಡಿನ ತಡಿಕೆ, ಅದರಲ್ಲಿ ವಯರು ಎಳೆಯಲಿಕ್ಕೆ ಕೊರೆದ ತೂತು, ಆ ತೂತಿನಲ್ಲಿ ನೋಡಿದರೆ ಕೌಂಟರಿನ ಅರ್ಧ ಕಾಣುತ್ತದೆ, ಇವಳ ಭುಜ ಕಾಣುತ್ತದೆ, ಭುಜದ ಮೇಲೆ ಪ್ರಯಾಣದ ಧೂಳು, ತಂಗಿಯ ಮನೆಯ ಸುಣ್ಣದ ಒಂದು ಗೀಟು, ಎದುರಿಗೆ ಆ ಓದುವ ಹುಡುಗಿ, ಸಂಜೆ ಬಾ ಅಂದರೆ ಈಗಲೇ ಬಂದು ನಿಂತಿದ್ದಾಳೆ, ಮನಸ್ಸು ತಡೆಯಲಿಲ್ಲ ಆಂಟಿ, ಅನ್ನುತ್ತಿದ್ದಾಳೆ. ಇವಳು ಇನ್ನೂ ನೀರು ಕುಡಿದಿಲ್ಲ, ಕೂತಿಲ್ಲ, ಕೇಳುತ್ತಿದ್ದಾಳೆ, ಏನಮ್ಮ ನಿಂದು, ಏನು ತೊಂದರೆ? ಬಿಸಿಯಾಗುತ್ತಾ? ನಿಂತುಹೋಗುತ್ತಾ? ಇಲ್ಲ ಆಂಟಿ, ಸದ್ದು. ಸದ್ದಾ, ಅಂದಳು, ಸ್ವಲ್ಪ ಹತ್ತಿರ ಬಗ್ಗಿದಳು, ಎಂಥ ಸದ್ದು, ದಪ್ಪದ್ದೋ ಸಣ್ಣದ್ದೋ, ಬಿಟ್ಟು ಬಿಟ್ಟು ಬರುತ್ತೋ ಒಂದೇ ಸಮ ಬರುತ್ತೋ? ಒಂದೇ ಸಮ ಆಂಟಿ, ಕೀಂ ಅಂತ, ತುಂಬಾ ಸಣ್ಣಗೆ, ಸೊಳ್ಳೆ ಹಲ್ಲು ಕಡೀತಿರೋ ಹಾಗೆ. ಇವಳು ನಕ್ಕಳು, ಅವನು ಬೆಳಿಗ್ಗೆ ನಕ್ಕ ಹಾಗೆಯೇ, ಸರಿ ಕೂತ್ಕೊ, ನಮ್ಮೆಜಮಾನ್ರ ಕಿವಿಗೆ ಬಿದ್ದ ಮೇಲೆ ಆ ಸೊಳ್ಳೆ ಕಥೆ ಮುಗೀತು ಅಂತ ತಿಳ್ಕೊ, ಅವರ ಕಿವಿ ಏನು ಅಂದ್ಕೊಂಡಿದ್ದೀಯಾ, ಇರುವೆ ಕೆಮ್ಮಿದ್ರೆ — ಅವನು ತೂತಿನಿಂದ ಕಣ್ಣು ತೆಗೆದ. ಇರುವೆ ಕೆಮ್ಮಿದ್ದನ್ನು ಕೂಡ ಬಿಡದೆ ಹೇಳುತ್ತಿದ್ದಾಳೆ, ಗೊತ್ತಿದ್ದೂ ಹೇಳುತ್ತಿದ್ದಾಳೆ. ಸ್ಕ್ರೂಡ್ರೈವರ್ ಕೈಗೆತ್ತಿಕೊಂಡ, ಯಾವತ್ತೂ ಹೀಗೆಯೇ ಬಗ್ಗಿ ಕೂತಿರುವವನ ಹಾಗೆ ಬಗ್ಗಿ ಕೂತ, ಬಂದ ಕೂಡಲೇ ಹೇಳಬೇಕು, ಆಯ್ತು ಕಣೇ, ಯಾವಾಗಲೋ ಆಯ್ತು, ನಾಲಿಗೆಯ ತುದಿಯಲ್ಲಿಟ್ಟುಕೊಂಡ.

ಬಂದಳು, ಒಂದು ಕೈಯಲ್ಲಿ ನೀರಿನ ಲೋಟ, ಊಟ ಆಯ್ತಾ, ಗಡ್ಡ ಯಾಕೆ ಬಿಟ್ಟಿದ್ದೀರಿ, ನಾನು ಇಲ್ದಿದ್ರೆ ಕನ್ನಡಿನೂ ಇಲ್ವಾ ಈ ಮನೇಲಿ, ಸ್ಟೂಲು ಎಳೆದು ಎದುರಿಗೆ ಕೂತಳು, ಮೇಜಿನ ಮೇಲೆ ಬೋರಲು ಮಲಗಿದ ಯಂತ್ರವನ್ನು ನೋಡಿದಳು, ಅವನು ಬಾಯಿ ತೆರೆದ, ಆಯ್ತು — ಅಷ್ಟರಲ್ಲಿ ಅವಳ ಮುಖ ಹುಣಸೆಹಣ್ಣು ಕಚ್ಚಿದ ಹಾಗಾಯಿತು, ಲೋಟ ಕೆಳಗೆ ಬಂತು, ಬಲಗೈ ಮೇಲೆ ಹೋಯಿತು, ಅಬ್ಬಬ್ಬಾ, ಏನ್ರೀ ಇದು, ಬಾಗಿಲಿಂದಲೇ ಕೇಳ್ತಾ ಇತ್ತು, ಮಿದುಳಿಗೆ ಬೈರಿಗೆ ಹಾಕಿದ ಹಾಗೆ, ಇಷ್ಟು ಹೊತ್ತು ಹೇಗ್ರೀ ತಡ್ಕೊಂಡ್ರಿ ಇದನ್ನ, ಕಿರುಬೆರಳು ಕಿವಿಯಲ್ಲಿ, ಬಿಳೀ ಚುಕ್ಕೆ ಮರೆ. ಮಣಿಕಟ್ಟಿನ ಮೇಲೆ ಗಾಳಿಯಿಲ್ಲ. ಚಾರ್ಜರು ನೆಲದ ಮೇಲೆ ಸುತ್ತಿಕೊಂಡು ಬಿದ್ದಿದೆ. ಬ್ಯಾಟರಿ ಡ್ರಾಯರಿನಲ್ಲಿದೆ, ಡ್ರಾಯರು ಅವನ ಹೊಟ್ಟೆಗೆ ತಾಗುತ್ತಿದೆ. ಯಂತ್ರ ಇಟ್ಟಿಗೆಯಷ್ಟು ಸತ್ತಿದೆ, ಇಟ್ಟಿಗೆಗಿಂತ ಹೆಚ್ಚು, ಇಟ್ಟಿಗೆಯಾದರೂ ಬಿಸಿಲಿಗೆ ಒಮ್ಮೊಮ್ಮೆ ಚಿಟ್ ಅನ್ನುತ್ತದೆ. ಕಿರುಬೆರಳು ಕಿವಿಯಲ್ಲಿ. ಅವಳಿಗೂ — ತಡಿ, ಅವಳಿಗೂ? ಅದೇ ಮೇಜು, ಅದೇ ಯಂತ್ರಗಳು, ಅವನ ಎದುರಿಗೆ ಅವನಷ್ಟೇ ಕಾಲ ಕೂತ ಕಿವಿಗಳು, ಅವು ಮಾತ್ರ ಯಾಕೆ ಉಳಿಯಬೇಕು, ಒಂದೇ ಗಾಣದಲ್ಲಿ ಸವೆದ ಜೋಡಿಯಲ್ಲವೇ, ಗುಬ್ಬಿಗಳ ದಿನ ಅವಳೂ ಬರೀ ಕೊಕ್ಕು ತೆರೆಯುವುದನ್ನೇ ನೋಡಿದ್ದಳೋ ಏನೋ, ಹೂಂ, ಕಾಳು ಸರಿಯಿಲ್ಲ — ಕೌಂಟರಿನಲ್ಲಿ ಬಂದವರನ್ನೆಲ್ಲ ಬಗ್ಗಿ ಬಗ್ಗಿ ಕೇಳುವುದು, ಎಂಥ ಸದ್ದು, ದಪ್ಪದ್ದೋ ಸಣ್ಣದ್ದೋ, ಅಲ್ಲಿ ಕೇಳಿಕೊಂಡು ಇಲ್ಲಿ ಬಂದು ಬೆರಳು ಇಡುವುದು. ಹಾಗಾದರೆ ಯಾವ ಕಾಯಿಲು ಅಂತ ಅವಳಿಗೆ ಹೇಗೆ ಗೊತ್ತಾಗುತ್ತಿತ್ತು? ಹಲ್ಲುಕಡ್ಡಿ ಎತ್ತಿಕೊಂಡ, ಸತ್ತ ಬೋರ್ಡಿನ ಮೇಲೆ ಒಂದು ಕಡೆ ಒತ್ತಿದ, ಮತ್ತೆ ಇಷ್ಟು ಕಾಲದಲ್ಲಿ ಮೊದಲ ಸಲ ಅವಳ ಬೆರಳನ್ನು ಬಿಟ್ಟು ಅವಳ ಕಣ್ಣನ್ನು ನೋಡಿದ. ಕಣ್ಣು ಬೋರ್ಡಿನ ಮೇಲಿರಲಿಲ್ಲ, ಕಡ್ಡಿಯ ಮೇಲಿರಲಿಲ್ಲ. ಅವನ ಹುಬ್ಬಿನ ಮೇಲಿತ್ತು. ಕಾಯುತ್ತಿತ್ತು. ಅವನು ಮೆಲ್ಲಗೆ ಹುಬ್ಬು ಏರಿಸಿದ, ಇದೇ ಇರಬೇಕು ಅನ್ನುವವನ ಹಾಗೆ, ಬೆರಳು ಕಿವಿಯಿಂದ ಹೊರಗೆ ಬಂತು, ಹಾಂ, ಈಗ ಜೀವ ಬಂತು ನೋಡಿ. ಹುಬ್ಬು ಇಳಿಸಿದ, ಪಕ್ಕಕ್ಕೆ ಒತ್ತಿದ, ಅಯ್ಯೋ, ಮತ್ತೆ ಶುರು, ಬೆರಳು ಒಳಗೆ. ಏರಿಸಿದ, ಹೊರಗೆ. ಅವನು ಅವಳ ಬೆರಳು ನೋಡಿ ಹುಬ್ಬೇರಿಸುತ್ತಿದ್ದ, ಅವಳು ಅವನ ಹುಬ್ಬು ನೋಡಿ ಬೆರಳು ತೆಗೆಯುತ್ತಿದ್ದಳು, ಆಮೇಲೆ ಅವನು ಸಾಲಿಗೆ ಸಾಲೇ ಅಂಟು ಹಚ್ಚುತ್ತಿದ್ದ, ಲೋಕದ ಯಂತ್ರಗಳೆಲ್ಲ ಬಾಯಿ ಮುಚ್ಚುತ್ತಿದ್ದವು, ಇಬ್ಬರು ಕಿವುಡರು ಕೂಡಿ ಊರಿನ ಕೀಂ ಎಲ್ಲ ಹಿಡಿದು ಹಾಕಿದ್ದರು. ಡ್ರಾಯರು ತೆಗೆದು ಬ್ಯಾಟರಿ ತೋರಿಸಿದರೆ ಸಾಕು, ನಕ್ಕು ನಕ್ಕು ಮೇಜು ಮುರಿಯುತ್ತದೆ, ಮೇಜು ಮುರಿಯುತ್ತದೆ, ಆಮೇಲೆ? ಆಮೇಲೆ ಅವಳು ಯಾವ ಮೇಜಿನ ಎದುರು ಬಂದು ಕೂರುತ್ತಾಳೆ. ಹೊಟ್ಟೆಯಿಂದ ಒತ್ತಿ ಡ್ರಾಯರನ್ನು ಪೂರ್ತಿ ಮುಚ್ಚಿದ. ಏನ್ರೀ ಯೋಚನೆ, ಅಂದಳು, ಸಿಕ್ತೋ ಇಲ್ವೋ? ಸಿಗದೆ ಏನು, ನಂಗೆ ಆಗಲೇ ಕೇಳಿತ್ತು ಬಿಡೇ, ಅಂದ, ಕೆಮ್ಮಿದ, ಒಣಕೆಮ್ಮು, ಆದರೂ ಇನ್ನೊಂದು ಸಲ ನೋಡೋಣ, ನೀನು ಸರಿಯಾಗಿ ಕೇಳು, ಕಡ್ಡಿ ಇಟ್ಟ, ಹುಬ್ಬು ಇಳಿಸಿದ, ಆದಷ್ಟೂ ಇಳಿಸಿದ, ಏರಿಸಲಿಲ್ಲ, ಏರಿಸಲು ಮನಸ್ಸೇ ಬರಲಿಲ್ಲ, ಎದುರಿಗೆ ಅವಳು, ಪ್ರಯಾಣದ ಧೂಳು, ಸುಣ್ಣದ ಗೀಟು, ಇಲ್ಲದ ಸದ್ದಿಗೆ ಮುಖ ಕಿವುಚಿ, ಅವನ ಹುಬ್ಬನ್ನೇ ನೋಡುತ್ತ, ಬಲಗೈ, ಆ ಕಿರುಬೆರಳು ಕಿವಿಯಲ್ಲಿ, ಬಿಳೀ ಚುಕ್ಕೆ ಮರೆ, ಕಿರುಬೆರಳು, ಕಿವಿಯಲ್ಲಿ —